ಮುರಿಯದಿರುವುದನ್ನು ನೋಡುವ ಕೆಲಸ

ಜಾತ್ರೆಯ ಅಂಗಡಿಯಲ್ಲಿ ಮಣ್ಣಿನ ಮಡಕೆ ಕೊಳ್ಳುವ ಹೆಂಗಸರು ಅದನ್ನು ಕಿವಿಯ ಹತ್ತಿರ ಹಿಡಿದು, ಬೆರಳ ಗೆಣ್ಣಿನಿಂದ ತಟ್ಟದೆ ಹಣ ಕೊಡುವುದಿಲ್ಲ. ಗಟ್ಟಿ ಮಡಕೆ ಟಣ್ಣೆನ್ನುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ಸದ್ದು ಒಡಕಾಗುತ್ತದೆ. ಕಣ್ಣಿಗೆ ಕಾಣದ್ದನ್ನು ಕಿವಿಯಿಂದ ಕಂಡುಕೊಳ್ಳುವ ಈ ವಿದ್ಯೆಯನ್ನು ಅವರಿಗೆ ಯಾವ ಶಾಲೆಯೂ ಕಲಿಸಿದ್ದಲ್ಲ. ಕಂಚಿನ ಗಂಟೆಯನ್ನೂ ತಾಮ್ರದ ಕೊಡವನ್ನೂ ಹಿರಿಯರು ಹೀಗೆಯೇ ಪರೀಕ್ಷಿಸುತ್ತಿದ್ದರು. ರೈಲಿನ ಗಾಲಿಗಳನ್ನು ಸುತ್ತಿಗೆಯಿಂದ ತಟ್ಟುತ್ತಾ ನಿಲ್ದಾಣದಲ್ಲಿ ನಡೆದುಹೋಗುತ್ತಿದ್ದ ನೌಕರರನ್ನು ನನ್ನ ವಯಸ್ಸಿನವರು ನೋಡಿದ್ದೇವೆ. ಅವರು ಮಾಡುತ್ತಿದ್ದುದೂ ಇದೇ ಕೆಲಸ. ವಸ್ತುವನ್ನು ಒಡೆಯದೆ, ಕೊಯ್ಯದೆ, ಅದು ಆರೋಗ್ಯವಾಗಿದೆಯೇ ಎಂದು ವಿಚಾರಿಸುವುದು.

ಆದರೆ ಸದ್ದಿಗೂ ಒಂದು ಮಿತಿಯಿದೆ. ದೊಡ್ಡ ಉಕ್ಕಿನ ತೊಲೆಯೊಂದರ ಮೂಲೆಯಲ್ಲಿ ಎರಡು ಮಿಲಿಮೀಟರ್ ಆಳದ ಬಿರುಕಿದ್ದರೆ ಸುತ್ತಿಗೆಯ ಪೆಟ್ಟಿಗೆ ಅದು ಬಾಯಿ ಬಿಡುವುದಿಲ್ಲ. ಅಲ್ಲಿ ಲೋಹವನ್ನು ವಿಚಾರಿಸಲು ವಿದ್ಯುತ್ತನ್ನು ಕಳುಹಿಸಬೇಕಾಗುತ್ತದೆ. ಅದರ ಬಗೆಗೆ ನಾಲ್ಕು ಮಾತು ಬರೆಯಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ.

ಬರೆಯಲು ಪ್ರೇರಣೆ ಕೊಟ್ಟವರು ನಮ್ಮ ದಾಸನಕೊಪ್ಪದ ಕಡೆಯ ಒಬ್ಬ ತಾಯಿ. ಅವರ ಮಗ ನನ್ನ ಹಳೆಯ ವಿದ್ಯಾರ್ಥಿ. ಈಗ ದೂರದ ಊರಿನಲ್ಲಿ ಯಂತ್ರಭಾಗಗಳ ತಪಾಸಣೆಯ ಕೆಲಸದಲ್ಲಿದ್ದಾನೆ. ಒಂದು ಮದುವೆಮನೆಯಲ್ಲಿ ಸಿಕ್ಕಾಗ ಆ ತಾಯಿ ಹೇಳಿದರು: “ಮಾಸ್ತರ್ರೇ, ಮಗ ಎಂತ ಕೆಲಸ ಮಾಡ್ತಾನೆ ಅಂತ ಯಾರಾದ್ರೂ ಕೇಳಿದ್ರೆ ಹೇಳೋದು ಹೇಗೆ ಅಂತ್ಲೇ ತಿಳಿಯೋದಿಲ್ಲ. ಮುರೀದೇ ಇರೋದನ್ನ ನೋಡೋ ಕೆಲಸವಂತೆ. ಅದಕ್ಕೂ ಸಂಬಳ ಕೊಡ್ತಾರಾ?” ಸುತ್ತಲಿದ್ದವರು ನಕ್ಕರು. ನನಗೆ ಮಾತ್ರ ಆ ವೃತ್ತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯೆ ಇರಲಾರದೆನಿಸಿತು. ಮುರಿದದ್ದನ್ನು ರಿಪೇರಿ ಮಾಡುವವನ ಕೆಲಸ ಎಲ್ಲರಿಗೂ ಕಾಣುತ್ತದೆ. ಮುರಿಯದಂತೆ ನೋಡಿಕೊಂಡವನ ಕೆಲಸ ಚೆನ್ನಾಗಿ ನಡೆದಷ್ಟೂ ಯಾರಿಗೂ ಕಾಣುವುದಿಲ್ಲ.

ಲೋಹಕ್ಕೆ ಬರುವ ರೋಗಗಳಲ್ಲಿ ಎರಡು ಮುಖ್ಯ. ಒಂದು ತುಕ್ಕು, ಶಾಸ್ತ್ರದ ಭಾಷೆಯಲ್ಲಿ ಸಂಕ್ಷಾರಣ. ಮಲೆನಾಡಿನವರಿಗೆ ಅದರ ಪರಿಚಯ ಮಾಡಿಕೊಡಬೇಕಿಲ್ಲ. ಹೊಸದಾಗಿ ಹೊದಿಸಿದ ತಗಡು, ಬೇಲಿಯ ಮುಳ್ಳುತಂತಿ, ಬಾವಿಯ ಪಂಪಿನ ಕೊಳವೆ ಇವೆಲ್ಲ ಕೆಲವೇ ಮಳೆಗಾಲಗಳಲ್ಲಿ ಕೆಂಪಾಗುವುದನ್ನು ನಾವು ನೋಡುತ್ತಲೇ ಬಂದಿದ್ದೇವೆ. ಇದಕ್ಕೆ ಅಪವಾದವೂ ನಮ್ಮ ಘಟ್ಟಗಳಲ್ಲಿಯೇ ಇದೆ. ಕೊಡಚಾದ್ರಿಯ ಮೇಲಿನ ಮೂಕಾಂಬಿಕೆಯ ಗುಡಿಯ ಬಳಿ ನಿಂತಿರುವ ಹಳೆಯ ಕಬ್ಬಿಣದ ಕಂಬ ಅಷ್ಟೊಂದು ಮಳೆಗೆ ಮೈಯೊಡ್ಡಿಯೂ ಕರಗಿಹೋಗಿಲ್ಲ. ಲೋಹಶಾಸ್ತ್ರಜ್ಞ ಟಿ. ಆರ್. ಅನಂತರಾಮನ್ ಅವರು 1999ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಅದರ ಕುರಿತು ಲೇಖನ ಬರೆದರು. ಆದರೆ ನಾವು ದಿನನಿತ್ಯ ಬಳಸುವ ಕಬ್ಬಿಣಕ್ಕೆ ಆ ಭಾಗ್ಯವಿಲ್ಲ.

ಎರಡನೆಯ ರೋಗ ದಣಿವು. ತಂತಿಯೊಂದನ್ನು ಒಮ್ಮೆ ಬಗ್ಗಿಸಿದರೆ ಮುರಿಯುವುದಿಲ್ಲ. ಅತ್ತಿತ್ತ ಹತ್ತಾರು ಸಲ ಬಗ್ಗಿಸಿದರೆ ಮುರಿಯುತ್ತದೆ. ಸೇತುವೆಯ ಮೇಲೆ ಲಾರಿಗಳು ಹೋಗುವಾಗ, ವಿಮಾನದ ಒಳಗೆ ಗಾಳಿಯ ಒತ್ತಡ ಏರಿಳಿಯುವಾಗ, ತಿರುಗುವ ಯಂತ್ರದ ದಂಡದಲ್ಲಿ ಇದೇ ಬಗ್ಗಾಟ ಲಕ್ಷಾಂತರ ಸಲ ಅತಿ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ಎಲ್ಲಿಯೋ ಒಂದು ರಂಧ್ರದ ಅಂಚಿನಲ್ಲಿ ಕೂದಲೆಳೆಯ ಬಿರುಕು ಹುಟ್ಟುತ್ತದೆ. ಬಹುಕಾಲ ನಿಧಾನವಾಗಿ ಬೆಳೆಯುತ್ತದೆ. ಕೊನೆಗೆ ಒಂದು ಕ್ಷಣದಲ್ಲಿ ತುಂಡಾಗುತ್ತದೆ. ತುಕ್ಕೂ ದಣಿವೂ ಕೂಡಿದರೆ ಕೇಡು ಇಮ್ಮಡಿ. ನಿಧಾನವಾಗಿ ಬೆಳೆಯುವ ಆ ದೀರ್ಘಾವಧಿಯೇ ನಮಗೆ ದೊರೆಯುವ ಅವಕಾಶ. ಆಗ ಕಂಡುಹಿಡಿದರೆ ಒಂದು ಭಾಗವನ್ನು ಬದಲಿಸಿದರೆ ಸಾಕು.

ವಿದ್ಯುತ್ತು ಬಿರುಕನ್ನು ಕಾಣುವುದು ಹೇಗೆ? ಇದಕ್ಕೆ ಉತ್ತರವನ್ನು ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ತಿಳಿಯದೆಯೇ ಕಣ್ಣಾರೆ ನೋಡಿದ್ದೀರಿ. ಹಳೆಯ ಧ್ವನಿವರ್ಧಕಗಳಿಂದ ಬಿಚ್ಚಿದ ಎರಡು ಅಯಸ್ಕಾಂತಗಳನ್ನು ಎದುರುಬದುರಾಗಿಟ್ಟು, ಅವುಗಳ ನಡುವಿನ ಸಂದಿಯಲ್ಲಿ ಅಲ್ಯುಮಿನಿಯಮ್ ಹಾಳೆಯೊಂದನ್ನು ಲೋಲಕದಂತೆ ತೂಗಾಡಿಸುತ್ತಿದ್ದೆವಲ್ಲ, ಆ ಪ್ರಯೋಗವನ್ನು ನೆನಪಿಸಿಕೊಳ್ಳಿ. ಅಲ್ಯುಮಿನಿಯಮ್ಮನ್ನು ಅಯಸ್ಕಾಂತ ಎಳೆಯುವುದಿಲ್ಲ. ಆದರೂ ಹಾಳೆ ಸಂದಿಯೊಳಗೆ ಬಂದೊಡನೆ ಯಾರೋ ಹಿಡಿದಂತೆ ನಿಧಾನವಾಗುತ್ತಿತ್ತು. ಬಳಿಕ ಅದೇ ಅಳತೆಯ ಇನ್ನೊಂದು ಹಾಳೆ. ಅದರಲ್ಲಿ ಬಾಚಣಿಗೆಯ ಹಲ್ಲುಗಳಂತೆ ಗರಗಸದ ಅಲಗಿನಿಂದ ಸೀಳುಗಳನ್ನು ಕೊಯ್ದಿರುತ್ತಿದ್ದೆವು. ಅದು ಹೆಚ್ಚು ಅಡ್ಡಿಯಿಲ್ಲದೆ ಬಹಳ ಹೊತ್ತು ತೂಗಾಡುತ್ತಿತ್ತು.

ಕಾರಣ ಇಷ್ಟೇ. ಅಯಸ್ಕಾಂತದ ಎದುರು ಲೋಹ ಚಲಿಸಿದಾಗ ಅದರೊಳಗೆ ವಿದ್ಯುತ್ ಪ್ರವಾಹ ಹುಟ್ಟಿ, ಹೊಳೆಯ ಸುಳಿಯಂತೆ ದುಂಡಗೆ ಸುತ್ತುತ್ತದೆ. ಈ ಸುಳಿಪ್ರವಾಹಕ್ಕೆ ತನ್ನದೇ ಕಾಂತಕ್ಷೇತ್ರವಿದೆ. ಅದು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ವಿರೋಧಿಸುತ್ತದೆ. ಇದೇ 1834ರಲ್ಲಿ ಲೆಂಜ್ ಹೇಳಿದ ನಿಯಮ. ಸೀಳು ಹಾಕಿದ ಹಾಳೆಯಲ್ಲಿ ಸುಳಿಗೆ ಸುತ್ತಲು ದಾರಿಯಿಲ್ಲ. ಸುಳಿ ದುರ್ಬಲವಾಗುತ್ತದೆ, ವಿರೋಧವೂ ಕುಗ್ಗುತ್ತದೆ. ಎಂದರೆ, ಲೋಹದಲ್ಲಿ ಸೀಳಿದೆಯೇ ಇಲ್ಲವೇ ಎಂಬುದನ್ನು ಹಾಳೆಯನ್ನು ನೋಡದೆಯೇ, ಅದರ ತೂಗಾಟವನ್ನು ಎಣಿಸಿ ಹೇಳಬಹುದು. ನಮ್ಮ ಮನೆಗಳ ಗೋಡೆಯ ಮೇಲಿದ್ದ ಹಳೆಯ ವಿದ್ಯುತ್ ಮೀಟರಿನ ತಿರುಗುವ ತಟ್ಟೆಯನ್ನು ಹದದಲ್ಲಿ ಹಿಡಿಯುತ್ತಿದ್ದುದೂ ಇದೇ ಸುಳಿ. ಈಗ ಆ ಮೀಟರುಗಳ ಜಾಗಕ್ಕೆ ಅಂಕಿಗಳ ಮೀಟರು ಬರುತ್ತಿರುವುದರಿಂದ ಇಂದಿನ ಮಕ್ಕಳಿಗೆ ಅದನ್ನು ತೋರಿಸುವ ಅನುಕೂಲ ಕಡಿಮೆಯಾಗಿದೆ.

ಯಂತ್ರಭಾಗವನ್ನು ಪರೀಕ್ಷಿಸುವಾಗ ಅದನ್ನು ತೂಗಾಡಿಸಬೇಕಾಗಿಲ್ಲ. ಅಯಸ್ಕಾಂತದ ಬದಲು ಸಣ್ಣದೊಂದು ತಂತಿಯ ಸುರುಳಿ. ಅದರಲ್ಲಿ ಪರ್ಯಾಯ ವಿದ್ಯುತ್ ಪ್ರವಾಹ. ದಿಕ್ಕು ಬದಲಿಸುತ್ತಲೇ ಇರುವ ಈ ಪ್ರವಾಹದಿಂದ ಕಾಂತಕ್ಷೇತ್ರವೂ ಬದಲಾಗುತ್ತಲೇ ಇರುತ್ತದೆ. ಸುರುಳಿಯನ್ನು ಲೋಹದ ಸಮೀಪ ಹಿಡಿದರೆ ಒಳಗೆ ಸುಳಿಪ್ರವಾಹ ಎದ್ದು, ಅದರ ಪ್ರತಿಕ್ರಿಯೆ ಸುರುಳಿಗೇ ಮರಳಿ ತಟ್ಟುತ್ತದೆ. ಲೋಹ ಅಖಂಡವಾಗಿದ್ದರೆ ಮಾಪಕದ ಮುಳ್ಳು ಒಂದೆಡೆ ನಿಲ್ಲುತ್ತದೆ. ಬಿರುಕು ಬಂದರೆ ಸುಳಿ ಅದನ್ನು ಬಳಸಿಕೊಂಡು ಹೋಗಬೇಕಾಗುತ್ತದೆ, ಮುಳ್ಳು ಸರಿಯುತ್ತದೆ. ತುಕ್ಕಿನಿಂದ ಲೋಹ ತೆಳುವಾಗಿದ್ದರೆ ಬೇರೊಂದು ರೀತಿಯಲ್ಲಿ ಸರಿಯುತ್ತದೆ. ಮೇಲಿನ ಬಣ್ಣವನ್ನು ಕೆರೆಯುವ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ.

ಈ ಜ್ಞಾನ ಒಂದೇ ದಿನದಲ್ಲಿ ಬಂದದ್ದಲ್ಲ. ತೂಗಾಡುವ ದಿಕ್ಸೂಚಿಯ ಕೆಳಗೆ ತಾಮ್ರದ ತಟ್ಟೆಯಿದ್ದರೆ ಮುಳ್ಳು ಬೇಗ ನಿಲ್ಲುವುದನ್ನು ಫ್ರಾನ್ಸಿನ ಅರಾಗೋ 1824ರಲ್ಲಿ ಗಮನಿಸಿದ. ಏಕೆಂದು ತಿಳಿಯಲು 1831ರಲ್ಲಿ ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿಯಬೇಕಾಯಿತು. 1879ರಲ್ಲಿ ಡೇವಿಡ್ ಹ್ಯೂಸ್ ಎಂಬಾತ ಸುರುಳಿಗಳ ತಕ್ಕಡಿಯೊಂದನ್ನು ಮಾಡಿ, ಒಂದು ಲೋಹವನ್ನು ಇನ್ನೊಂದರಿಂದ ಗುರುತಿಸಿ ತೋರಿಸಿದ. ಎರಡೇ ವರ್ಷಗಳ ಬಳಿಕ, 1881ರ ಜುಲೈನಲ್ಲಿ, ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್ ಅವರ ಮೇಲೆ ಗುಂಡಿನ ದಾಳಿ ನಡೆಯಿತು. ದೇಹದೊಳಗೆ ಉಳಿದ ಗುಂಡನ್ನು ಹುಡುಕಲು ದೂರವಾಣಿಯ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದೇ ಉಪಕರಣದೊಡನೆ ಬಂದ. ಗುಂಡು ಸಿಗಲಿಲ್ಲ. ಹಾಸಿಗೆಯೊಳಗಿನ ಲೋಹದ ಸ್ಪ್ರಿಂಗುಗಳು ಉಪಕರಣವನ್ನು ಗೊಂದಲಕ್ಕೀಡುಮಾಡಿದವೆನ್ನುತ್ತಾರೆ. ಅದಕ್ಕಿಂತ ಮುಖ್ಯವಾಗಿ, ಗುಂಡು ಬಲಗಡೆಯಿದೆ ಎಂದು ಮೊದಲೇ ತೀರ್ಮಾನಿಸಿದ್ದ ವೈದ್ಯರು ಬಲಗಡೆಯಲ್ಲಿ ಮಾತ್ರ ಹುಡುಕಲು ಬಿಟ್ಟರು. ಗುಂಡು ಎಡಗಡೆಯಲ್ಲಿತ್ತು. ಉಪಕರಣ ಎಷ್ಟೇ ಸೂಕ್ಷ್ಮವಾಗಿರಲಿ, ಹುಡುಕಲು ಬಿಡದ ಕಡೆಯಲ್ಲಿರುವುದನ್ನು ಅದು ತೋರಿಸಲಾರದು. ತಪಾಸಣೆಯ ವೃತ್ತಿಯವರು ಗೋಡೆಗೆ ಬರೆದು ಹಾಕಿಕೊಳ್ಳಬಹುದಾದ ಕಥೆಯಿದು.

ಈ ವಿದ್ಯೆಯನ್ನು ಕಾರ್ಖಾನೆಯ ನಿತ್ಯದ ಕೆಲಸಕ್ಕೆ ತಂದವರಲ್ಲಿ ಜರ್ಮನಿಯ ಫ್ರೀಡ್ರಿಖ್ ಫೋರ್ಸ್ಟರ್ ಮುಖ್ಯ. 1948ರಲ್ಲಿ ರಾಯ್ಟ್‌ಲಿಂಗನ್ ಎಂಬ ಊರಿನಲ್ಲಿ ಆತ ಸಂಸ್ಥೆಯೊಂದನ್ನು ಕಟ್ಟಿದ. ಮಾಪಕದ ಮುಳ್ಳು ಏಕೆ ಯಾವ ದಿಕ್ಕಿಗೆ ಸರಿಯುತ್ತದೆ ಎಂಬುದಕ್ಕೆ ಗಣಿತದ ಆಧಾರ ಕೊಟ್ಟವನು ಆತ. ನಮ್ಮ ದೇಶದಲ್ಲಿ ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದ ಬಲದೇವ್ ರಾಜ್ ಅವರು ವಸ್ತುವನ್ನು ಕೆಡಿಸದೆ ಪರೀಕ್ಷಿಸುವ ವಿಧಾನಗಳನ್ನು ಬೆಳೆಸಿದವರಲ್ಲಿ ಅಗ್ರಗಣ್ಯರು. 2018ರಲ್ಲಿ ತೀರಿಕೊಂಡಾಗ ಅವರು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ನಿರ್ದೇಶಕರಾಗಿದ್ದರು.

ಎಷ್ಟು ಆಳದವರೆಗೆ ನೋಡಬಹುದು ಎಂಬ ಪ್ರಶ್ನೆ ಸಹಜ. ಅದು ಪ್ರವಾಹ ಎಷ್ಟು ಬೇಗ ದಿಕ್ಕು ಬದಲಿಸುತ್ತದೆ ಎಂಬುದನ್ನು, ಎಂದರೆ ಆವೃತ್ತಿಯನ್ನು ಅವಲಂಬಿಸಿದೆ. ನಮ್ಮ ಮನೆಯ ವಿದ್ಯುತ್ತಿನ ಆವೃತ್ತಿ ಸೆಕೆಂಡಿಗೆ 50. ಆ ಆವೃತ್ತಿಯಲ್ಲಿ ಸುಳಿ ತಾಮ್ರದೊಳಗೆ ಸುಮಾರು 9 ಮಿಲಿಮೀಟರ್ ಇಳಿಯುವಷ್ಟರಲ್ಲಿ ಬಲ ಬಹಳ ಕುಂದುತ್ತದೆ. ಆವೃತ್ತಿಯನ್ನು ನೂರು ಪಟ್ಟು ಹೆಚ್ಚಿಸಿ 5,000 ಮಾಡಿದರೆ ಆಳ ಹತ್ತನೆಯ ಒಂದು ಪಾಲಿಗೆ ಇಳಿದು ಒಂದು ಮಿಲಿಮೀಟರಿಗೂ ಕಡಿಮೆಯಾಗುತ್ತದೆ. ಮೇಲ್ಮೈಯ ಅತಿ ಸಣ್ಣ ಬಿರುಕು ಬೇಕೆಂದರೆ ಆವೃತ್ತಿ ಹೆಚ್ಚಿರಬೇಕು. ಒಳಗಿನ ತುಕ್ಕು ಬೇಕೆಂದರೆ ಕಡಿಮೆಯಿರಬೇಕು. ಆಗ ಸೂಕ್ಷ್ಮತೆ ಕಡಿಮೆ. ಎರಡನ್ನೂ ಒಟ್ಟಿಗೆ ಪಡೆಯಲಾಗದು. ಕಬ್ಬಿಣದಲ್ಲಂತೂ ಅದರ ಕಾಂತಗುಣದಿಂದಾಗಿ ಸುಳಿ ತೊಗಲಿನಷ್ಟೇ ಆಳಕ್ಕೆ ಇಳಿಯುತ್ತದೆ. ಅಲ್ಲಿ ಬೇರೆ ಉಪಾಯಗಳು ಬೇಕು. ಲೋಹದ ಮೂಲಕ ನೇರವಾಗಿ ಪ್ರವಾಹ ಹರಿಸಿ, ಬಿರುಕಿನ ಎರಡು ಬದಿಗಳ ನಡುವಿನ ವಿಭವಾಂತರ ಅಳೆಯುವುದು ಅವುಗಳಲ್ಲೊಂದು. ಬಿರುಕು ಆಳವಾದಂತೆ ಪ್ರವಾಹ ಸುತ್ತುಬಳಸಿ ಹೋಗಬೇಕು, ವಿಭವಾಂತರ ಏರುತ್ತದೆ.

ನನ್ನ ವಿದ್ಯಾರ್ಥಿ ವಿವರಿಸಿದ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಯಾವುದೇ ಭಾಗವನ್ನು ಪರೀಕ್ಷಿಸುವ ಮುನ್ನ ಅವರು ಅದೇ ಲೋಹದ ಮಾದರಿ ತುಂಡೊಂದನ್ನು ಮುಟ್ಟಿ ನೋಡುತ್ತಾರೆ. ಅದರಲ್ಲಿ ಗೊತ್ತಿರುವ ಆಳದ ಸೀಳುಗಳನ್ನು ಬೇಕೆಂದೇ ಕೊಯ್ದಿರುತ್ತಾರೆ. ಉಪಕರಣ ಆ ಸೀಳುಗಳನ್ನು ಸರಿಯಾಗಿ ತೋರಿಸಿದರೆ ಮಾತ್ರ ಮುಂದಿನ ಕೆಲಸ. ಕೆಲಸ ಮುಗಿದ ಮೇಲೆ ಮತ್ತೊಮ್ಮೆ ಅದೇ ತುಂಡು. ಬೇರೆಯವರನ್ನು ಪರೀಕ್ಷಿಸುವ ಮೊದಲು ತನ್ನ ಅಳತೆಗೋಲನ್ನು ಪರೀಕ್ಷಿಸಿಕೊಳ್ಳುವ ಈ ಶಿಸ್ತು ಉತ್ತರಪತ್ರಿಕೆ ತಿದ್ದುವವರಿಗೂ ಬೇಕಾದದ್ದು.

ಇಷ್ಟೆಲ್ಲ ಇದ್ದೂ ಅನಾಹುತ ಹೇಗೆ ಆಗುತ್ತದೆ? 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ಮೇಲೆ ಹಾರುತ್ತಿದ್ದ ಅಲೋಹಾ ಸಂಸ್ಥೆಯ ಬೋಯಿಂಗ್ 737 ವಿಮಾನದ ಮೇಲ್ಛಾವಣಿ 24,000 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ವಿಮಾನದ ಪರಿಚಾರಿಕೆಯೊಬ್ಬರು ಹೊರಗೆ ಎಸೆಯಲ್ಪಟ್ಟು ಪ್ರಾಣ ಕಳೆದುಕೊಂಡರು. ಪೈಲಟ್‌ಗಳು ತೆರೆದ ವಿಮಾನವನ್ನೇ ಇಳಿಸಿ ಉಳಿದ 94 ಮಂದಿಯನ್ನು ಬದುಕಿಸಿದರು. ಆ ವಿಮಾನ ಅಷ್ಟರಲ್ಲಿ 89,680 ಸಲ ಹಾರಿ ಇಳಿದಿತ್ತು. ಸಮುದ್ರದ ಉಪ್ಪು ಗಾಳಿಯಲ್ಲಿ ತಗಡುಗಳ ಜೋಡಣೆ ಬಿಟ್ಟುಕೊಂಡು, ರಿವೆಟ್ ರಂಧ್ರಗಳ ಅಂಚುಗಳಲ್ಲಿ ಸಾಲಾಗಿ ಹುಟ್ಟಿದ್ದ ಬಿರುಕುಗಳು ಒಂದನ್ನೊಂದು ಸೇರಿದ್ದವು. ಅಂಥ ಬಿರುಕುಗಳನ್ನು ಸುಳಿಪ್ರವಾಹದಿಂದ ಕಂಡುಹಿಡಿಯುವ ವಿಧಾನ ಆಗಲೇ ಬಳಕೆಯಲ್ಲಿತ್ತು. ತನಿಖೆ ನಡೆಸಿದವರು ಬೆರಳು ತೋರಿಸಿದ್ದು ನಿರ್ವಹಣೆಯ ವ್ಯವಸ್ಥೆಯ ಕಡೆಗೆ. ರಾತ್ರಿಯ ಹೊತ್ತು, ಬೆಳಗಿನೊಳಗೆ ವಿಮಾನ ಬಿಟ್ಟುಕೊಡಬೇಕಾದ ಅವಸರ, ಸಾವಿರಾರು ರಿವೆಟ್‌ಗಳನ್ನು ಒಂದೊಂದಾಗಿ ನೋಡುವ ಬೇಸರ, ಇವೆಲ್ಲವನ್ನೂ ಅವರು ವಿಚಾರಿಸಿದರು. ಒಬ್ಬ ಪ್ರಯಾಣಿಕರು ವಿಮಾನ ಹತ್ತುವಾಗಲೇ ಬಾಗಿಲ ಬಳಿ ಬಿರುಕನ್ನು ಕಂಡಿದ್ದರಂತೆ, ಯಾರಿಗೂ ಹೇಳಿರಲಿಲ್ಲ. ಸಾವಿರ ರಿವೆಟ್ ಸರಿಯಾಗಿದ್ದುದನ್ನು ನೋಡಿದ ಕಣ್ಣು ಸಾವಿರದ ಒಂದನೆಯದನ್ನೂ ಸರಿಯಾಗಿದೆಯೆಂದೇ ನೋಡಲು ಬಯಸುತ್ತದೆ. ಆ ಬಯಕೆಯನ್ನು ದಿನವೂ ಗೆಲ್ಲುವುದೇ ಈ ಕೆಲಸದ ನಿಜವಾದ ಕಷ್ಟ.

ವಿಮಾನದ ಮಾತು ನಮಗೆ ದೂರದ್ದೆನಿಸಬಹುದು. ಕೈಗಾ ದೂರದ್ದಲ್ಲ. ಅದು ನಮ್ಮ ಜಿಲ್ಲೆಯಲ್ಲೇ, ಕಾಳಿಯ ದಂಡೆಯಲ್ಲೇ ಇದೆ. ಅದು ಬೇಡವೆಂದು ಈ ಜಿಲ್ಲೆಯಲ್ಲಿ ದೊಡ್ಡ ದನಿ ಎದ್ದಿತ್ತು. ಶಿವರಾಮ ಕಾರಂತರು 1989ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟುಕೊಂಡು ಇಲ್ಲಿಂದ ಲೋಕಸಭಾ ಚುನಾವಣೆಗೆ ನಿಂತಿದ್ದರು. 1994ರ ಮೇ ತಿಂಗಳಲ್ಲಿ, ಕಟ್ಟುತ್ತಿದ್ದಾಗಲೇ, ಒಂದನೆಯ ಘಟಕದ ಒಳ ಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದಿತು. ಮುಂದೆ 2000ದಲ್ಲಿ ಎರಡು ಘಟಕಗಳು, 2007ರಲ್ಲಿ ಮೂರನೆಯದು, 2011ರಲ್ಲಿ ನಾಲ್ಕನೆಯದು ವಾಣಿಜ್ಯ ಉತ್ಪಾದನೆಗೆ ಬಂದವು. ಬೇಕೆಂದವರೂ ಬೇಡವೆಂದವರೂ ಈಗ ಅದರ ನೆರೆಯವರೇ. ಆದ್ದರಿಂದ ಅದರೊಳಗಿನ ಲೋಹದ ಆರೋಗ್ಯ ಎರಡೂ ಪಕ್ಷದವರ ಕಾಳಜಿಯಾಗಬೇಕು.

ಕೈಗಾದ ಪ್ರತಿ ಘಟಕದಲ್ಲಿ 306 ಅಡ್ಡ ಕೊಳವೆಗಳಿವೆ. ಜಿರ್ಕೋನಿಯಂ ಮಿಶ್ರಲೋಹದ ಈ ಕೊಳವೆಗಳೊಳಗೆ ಇಂಧನವಿರುತ್ತದೆ. ಹೆಚ್ಚಿನ ಒತ್ತಡದ ಭಾರಜಲ 250ರಿಂದ 300 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಹರಿಯುತ್ತದೆ. ಪ್ರತಿ ಬಿಸಿ ಕೊಳವೆಯ ಸುತ್ತ ತಂಪಾದ ಹೊರ ಕೊಳವೆಯೊಂದಿದೆ. ಇವೆರಡೂ ಒಂದನ್ನೊಂದು ಮುಟ್ಟದಂತೆ ನಡುವೆ ಬಳೆಯಾಕಾರದ ಸ್ಪ್ರಿಂಗುಗಳನ್ನು ತೊಡಿಸಿರುತ್ತಾರೆ. ಸ್ಪ್ರಿಂಗು ಸ್ಥಳ ಬಿಟ್ಟು ಸರಿದರೆ ಬಿಸಿ ಕೊಳವೆ ಕಾಲಕ್ರಮದಲ್ಲಿ ಜೋತು ಹೊರ ಕೊಳವೆಯನ್ನು ಮುಟ್ಟುತ್ತದೆ, ಮುಟ್ಟಿದೆಡೆ ತಂಪಾಗುತ್ತದೆ, ಲೋಹದೊಳಗೆ ಸೇರಿದ ಹೈಡ್ರೋಜನ್ ಆ ತಂಪು ಜಾಗದಲ್ಲಿ ಕೂಡಿ, ಲೋಹ ಗಡುಸಾಗಿ ಸೀಳುತ್ತದೆ. ಇದು ಊಹೆಯ ಮಾತಲ್ಲ. 1983ರ ಆಗಸ್ಟ್ 1ರಂದು ಕೆನಡಾದ ಪಿಕರಿಂಗ್ ಸ್ಥಾವರದ ಎರಡನೆಯ ಘಟಕದಲ್ಲಿ ಹೀಗೆಯೇ ಕೊಳವೆಯೊಂದು ಸೀಳಿತು. ಆ ಬಳಿಕ ಇಂಥ ಎಲ್ಲ ಸ್ಥಾವರಗಳಲ್ಲಿ ಕೊಳವೆಗಳ ಪರೀಕ್ಷೆಗೆ ಹೆಚ್ಚಿನ ಮಹತ್ವ ಬಂತು. ಹೊರಗಿನ ಸ್ಪ್ರಿಂಗು ಎಲ್ಲಿದೆಯೆಂದು ಒಳಗಿನಿಂದಲೇ ತಿಳಿಯುವುದು ಹೇಗೆ? ಸುರುಳಿಯನ್ನು ಕೊಳವೆಯೊಳಗೆ ಸರಿಸುತ್ತಾ ಹೋಗುತ್ತಾರೆ. ಸ್ಪ್ರಿಂಗಿನ ಲೋಹ ಎದುರಾದಲ್ಲಿ ಸುಳಿಪ್ರವಾಹದ ಗುರುತು ಬದಲಾಗುತ್ತದೆ. ಇದಕ್ಕಾಗಿ, ಶ್ರವಣಾತೀತ ಶಬ್ದದ ಪರೀಕ್ಷೆಯನ್ನೂ ಜೊತೆಗೂಡಿಸಿದ ಉಪಕರಣವನ್ನು ಭಾಭಾ ಅಣು ಸಂಶೋಧನಾ ಕೇಂದ್ರದವರು ನಮ್ಮಲ್ಲಿಯೇ ರೂಪಿಸಿದರು. ಉಗಿ ಹುಟ್ಟಿಸುವ ಸಾವಿರಾರು ತೆಳು ಕೊಳವೆಗಳ ಪರೀಕ್ಷೆಗೂ ಸುಳಿಪ್ರವಾಹವೇ ಸಾಧನ. ಅಲ್ಲಿ ಯಾವುದಾದರೂ ಕೊಳವೆ ಮಿತಿಮೀರಿ ತೆಳುವಾಗಿದ್ದರೆ ಅದರ ಎರಡು ತುದಿಗಳನ್ನೂ ಮುಚ್ಚಿಬಿಡುತ್ತಾರೆ.

ಕೈಗಾದ ಒಂದನೆಯ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆದು ಆಗ ವಿಶ್ವದಾಖಲೆ ಮಾಡಿತು. ಬಳಿಕ ಕೆನಡಾದ ಡಾರ್ಲಿಂಗ್ಟನ್ ಘಟಕವೊಂದು ಅದನ್ನು ಮೀರಿತು. ಪತ್ರಿಕೆಗಳು 962 ಎಂಬ ಅಂಕಿಯನ್ನು ದೊಡ್ಡ ಅಕ್ಷರದಲ್ಲಿ ಹಾಕಿದವು. ನನ್ನ ಮನಸ್ಸಿನಲ್ಲಿ ನಿಂತದ್ದು ಅದರ ಕೊನೆಯ ದಿನ. ಘಟಕ ಕೆಟ್ಟು ನಿಂತದ್ದಲ್ಲ. ಕಡ್ಡಾಯ ತಪಾಸಣೆಗಾಗಿ ನಿಲ್ಲಿಸಿದರು. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು, ದಾಖಲೆ ಬೆಳೆಯುತ್ತಿರುವಾಗ, ನೋಡಬೇಕಾದ ಕಾಲ ಬಂತೆಂದು ನಿಲ್ಲಿಸುವುದು ಓಡಿಸುವುದಕ್ಕಿಂತ ಸಣ್ಣ ಸಾಧನೆಯಲ್ಲ.

ಅದೇ ಕಾಳಿ ನದಿ ಸಮುದ್ರ ಸೇರುವಲ್ಲಿ, ಕಾರವಾರ ಮತ್ತು ಸದಾಶಿವಗಡದ ನಡುವೆ, ನಾಲ್ಕು ದಶಕಗಳಷ್ಟು ಹಳೆಯದಾದ ಸೇತುವೆಯಿತ್ತು. ಗೋವೆಗೆ ಹೋಗಿಬರುವ ನಮ್ಮವರೆಲ್ಲ ಅದರ ಮೇಲೆ ಓಡಾಡಿದವರೇ. 2024ರ ಆಗಸ್ಟ್ 7ರ ನಡುರಾತ್ರಿಯ ಬಳಿಕ ಅದು ಕುಸಿದು, ಮೇಲಿದ್ದ ಲಾರಿ ನದಿಗೆ ಬಿದ್ದಿತು. ಚಾಲಕನನ್ನು ರಕ್ಷಿಸಿದರು. ಹಗಲಾಗಿದ್ದರೆ ಏನಾಗುತ್ತಿತ್ತೆಂದು ನೆನೆದು ಜಿಲ್ಲೆಯೆಲ್ಲ ನಡುಗಿತು. ಕುಸಿತದ ಕಾರಣವನ್ನು ನಿರ್ಣಯಿಸುವುದು ತಜ್ಞರ ಕೆಲಸ. ನಾನು ಅದಕ್ಕೆ ಕೈಹಾಕುವುದಿಲ್ಲ. ಆದರೆ ಆ ದಿನಗಳಲ್ಲಿ ಅನೇಕರು ಕೇಳಿದ ಪ್ರಶ್ನೆಗೆ ಉತ್ತರಿಸಬಹುದು: ಕಾಂಕ್ರೀಟಿನೊಳಗೆ ಹುದುಗಿರುವ ಕಬ್ಬಿಣ ಹೇಗಿದೆಯೆಂದು ಒಡೆಯದೆ ತಿಳಿಯುವ ದಾರಿ ಇದೆಯೇ?

ಇದೆ, ಅದರ ಮುಖ್ಯ ಸಾಮಗ್ರಿ ನಮ್ಮ ಅಡಿಕೆ ತೋಟದವರ ಮನೆಯಲ್ಲೇ ಇದೆ. ಕೊಳೆರೋಗಕ್ಕೆ ಮದ್ದು ಹೊಡೆಯಲು ಮೈಲುತುತ್ತ ಮತ್ತು ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಮಾಡುತ್ತೇವೆ. ಹದ ಬಂದಿದೆಯೇ ಎಂದು ನೋಡಲು ಉಜ್ಜಿದ ಚೂರಿಯ ಅಲಗನ್ನು ಅದರಲ್ಲಿ ಅದ್ದುತ್ತೇವೆ. ಅಲಗು ಕೆಂಪಾದರೆ ತಾಮ್ರ ಕಬ್ಬಿಣದ ಮೇಲೆ ಕೂತಿದೆ, ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಆ ಕೆಂಪು ಬಂದದ್ದು ಕಬ್ಬಿಣ ತನ್ನ ಇಲೆಕ್ಟ್ರಾನುಗಳನ್ನು ತಾಮ್ರಕ್ಕೆ ಬಿಟ್ಟುಕೊಟ್ಟದ್ದರಿಂದ. ಕಬ್ಬಿಣ ತುಕ್ಕು ಹಿಡಿಯುವಾಗಲೂ ಇಲೆಕ್ಟ್ರಾನುಗಳನ್ನು ಬಿಟ್ಟುಕೊಡುತ್ತದೆ. ಹಾಗಾಗಿ ತುಕ್ಕು ಹಿಡಿಯುವುದೆಂದರೆ ಒಂದು ಸಣ್ಣ ವಿದ್ಯುತ್ ಕೋಶ ನಡೆಯುವುದು. ಕೋಶವಿದ್ದಲ್ಲಿ ವೋಲ್ಟ್ ಇದೆ. ವೋಲ್ಟ್ ಇದ್ದರೆ ಅಳೆಯಬಹುದು.

ಅಳೆಯುವ ಕ್ರಮ ಸರಳ. ಮೈಲುತುತ್ತದ ಪರ್ಯಾಪ್ತ ದ್ರಾವಣದಲ್ಲಿ ತಾಮ್ರದ ಕಡ್ಡಿಯನ್ನಿಟ್ಟು, ತಳದಲ್ಲಿ ಸರಂಧ್ರವಾದ ಬಿರಡೆಯಿರುವ ನಳಿಕೆಯನ್ನು ತೇವ ಮಾಡಿದ ಕಾಂಕ್ರೀಟಿನ ಮೇಲೆ ಒತ್ತಿ ಹಿಡಿಯುತ್ತಾರೆ. ವೋಲ್ಟ್‌ಮೀಟರಿನ ಒಂದು ತುದಿ ಆ ಕಡ್ಡಿಗೆ, ಇನ್ನೊಂದು ತುದಿ ಒಂದೆಡೆ ತೆರೆದ ಕಬ್ಬಿಣದ ಸರಳಿಗೆ. ನಳಿಕೆಯನ್ನು ಅಡಿ ಅಡಿಗೆ ಸರಿಸುತ್ತಾ ಅಂಕಿಗಳನ್ನು ನಕ್ಷೆಯ ಮೇಲೆ ಬರೆದುಕೊಳ್ಳುತ್ತಾರೆ. ಅಂಕಿ ಋಣ 200 ಮಿಲಿವೋಲ್ಟ್‌ಗಿಂತ ಮೇಲಿದ್ದರೆ ಅಲ್ಲಿ ತುಕ್ಕು ನಡೆಯುತ್ತಿಲ್ಲವೆಂಬುದಕ್ಕೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಂಭವ, ಋಣ 350ಕ್ಕಿಂತ ಕೆಳಗಿದ್ದರೆ ನಡೆಯುತ್ತಿದೆಯೆಂಬುದಕ್ಕೆ ಅಷ್ಟೇ ಸಂಭವ, ನಡುವಿನದು ಅನಿಶ್ಚಿತ. 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಹೆದ್ದಾರಿ ಇಲಾಖೆಯ ರಿಚರ್ಡ್ ಸ್ಟ್ರಾಟ್‌ಫುಲ್ ಸಮುದ್ರದ ಉಪ್ಪಿಗೆ ಸಿಕ್ಕಿದ ಸೇತುವೆಯ ಮೇಲೆ ಈ ವಿಧಾನವನ್ನು ಬೆಳೆಸಿದ. ನಮ್ಮ ದೇಶದಲ್ಲಿ ತುಕ್ಕಿನ ಅಧ್ಯಯನಕ್ಕೆ 1953ರಲ್ಲಿ ಆರಂಭವಾದ ಕಾರೈಕುಡಿಯ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆ ಹೆಸರಾಗಿದೆ.

ಒಳ್ಳೆಯ ಕಾಂಕ್ರೀಟು ಕ್ಷಾರಗುಣದ್ದು. ಅದರೊಳಗಿನ ಕಬ್ಬಿಣಕ್ಕೆ ರಕ್ಷಣೆಯ ತೆಳು ಪೊರೆ ಇರುತ್ತದೆ. ಕರಾವಳಿಯ ಉಪ್ಪು ಒಳಕ್ಕೆ ಇಳಿದು ಆ ಪೊರೆಯನ್ನು ಹರಿಯುತ್ತದೆ. ತುಕ್ಕು ಹಿಗ್ಗಿ ಕಾಂಕ್ರೀಟನ್ನು ಒಡೆದು ಹೊರಗೆ ಕಾಣುವ ವೇಳೆಗೆ ಬಹಳ ತಡವಾಗಿರುತ್ತದೆ. ಮೈಲುತುತ್ತದ ನಳಿಕೆ ಅದಕ್ಕಿಂತ ಮೊದಲೇ ಹೇಳಬಲ್ಲದು. ಇದಕ್ಕೂ ಮಿತಿಗಳಿವೆ. ತುಕ್ಕು ಎಷ್ಟು ವೇಗದಲ್ಲಿ ನಡೆಯುತ್ತಿದೆಯೆಂದು ಅದು ಹೇಳದು. ದೊಡ್ಡ ಸೇತುವೆಗಳಲ್ಲಿ ಬಿಗಿದೆಳೆದ ಉಕ್ಕಿನ ತಂತಿಗಳನ್ನು ಕೊಳವೆಯೊಳಗೆ ಇಟ್ಟಿರುವಲ್ಲಿ ಅದರ ಮಾತು ನಂಬಲರ್ಹವಲ್ಲ; ಅಲ್ಲಿ ಬೇರೆ ಪರೀಕ್ಷೆಗಳು ಬೇಕು. ಅಂಥ ತಂತಿಗಳ ತುಕ್ಕು ಏನು ಮಾಡೀತೆಂಬುದನ್ನು ನೆರೆಯ ಗೋವೆ ನೋಡಿದೆ. ಪಣಜಿಯ ಮಾಂಡವಿ ಸೇತುವೆ, ಕಟ್ಟಿ ಎರಡು ದಶಕವೂ ತುಂಬುವ ಮುನ್ನ, 1986ರ ಜುಲೈ 5ರಂದು ಕುಸಿಯಿತು. ಅಮೆರಿಕದ ಓಹಾಯೋ ನದಿಯ ಸಿಲ್ವರ್ ಸೇತುವೆ 1967ರ ಡಿಸೆಂಬರ್ 15ರಂದು ಬಿದ್ದು 46 ಮಂದಿ ಸತ್ತರು. ಅದಕ್ಕೆ ಮೂಲವಾದ ಬಿರುಕಿನ ಆಳ ಸುಮಾರು 2.5 ಮಿಲಿಮೀಟರ್, ಅದೂ ಕಣ್ಣಿಗೆ ನಿಲುಕದ ಕೀಲಿನೊಳಗೆ. ಆ ಬಳಿಕವೇ ಆ ದೇಶದಲ್ಲಿ ಸೇತುವೆಗಳ ತಪಾಸಣೆಗೆ ರಾಷ್ಟ್ರಮಟ್ಟದ ನಿಯಮ ಬಂತು.

ಈ ಎಲ್ಲ ಉದಾಹರಣೆಗಳಿಂದ ನನಗೆ ತೋರುವುದಿಷ್ಟು. ಅಳೆಯುವ ವಿದ್ಯೆ ಮನುಷ್ಯನ ಕೈಗೆ ಬಂದು ಬಹಳ ಕಾಲವಾಯಿತು. ಕೊರತೆ ಇರುವುದು ಉಪಕರಣದಲ್ಲಲ್ಲ. ಕಾಲಕಾಲಕ್ಕೆ ಅಳೆಯುವುದರಲ್ಲಿ, ಬರೆದಿಡುವುದರಲ್ಲಿ, ಹಿಂದಿನ ಅಂಕಿಯೊಡನೆ ಇಂದಿನದನ್ನು ಹೋಲಿಸುವುದರಲ್ಲಿ, ಅಂಕಿ ಬೇಡದ್ದನ್ನು ಹೇಳಿದಾಗ ಅದನ್ನು ಕೇಳಿಸಿಕೊಳ್ಳುವುದರಲ್ಲಿ. ಒಂದೇ ಒಂದು ಅಳತೆಯಿಂದ ತಿಳಿಯುವುದು ಸ್ವಲ್ಪ. ಹತ್ತು ವರ್ಷಗಳ ಅಳತೆಗಳ ಸಾಲಿನಿಂದ ಲೋಹದ ಜಾತಕವೇ ತಿಳಿಯುತ್ತದೆ. ಆ ವಹಿಯನ್ನು ಇಡುವುದಕ್ಕೆ ಹಣ ಹೆಚ್ಚು ಬೇಡ, ತಾಳ್ಮೆ ಬೇಕು.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಗ್ರಾಮ ಪಂಚಾಯಿತಿಗಳಲ್ಲಿದ್ದೀರಿ, ಕೆಲವರು ಇಂಜಿನಿಯರುಗಳಾಗಿದ್ದೀರಿ, ಕೆಲವರು ಗುತ್ತಿಗೆದಾರರು. ಹೊಸ ಸೇತುವೆಯ ಉದ್ಘಾಟನೆಗೆ ನಾವೆಲ್ಲ ಹೋಗುತ್ತೇವೆ. ಹಳೆಯ ಸೇತುವೆಯ ತಪಾಸಣೆ ಯಾವಾಗ ನಡೆಯಿತು, ಅದರ ವರದಿಯಲ್ಲಿ ಏನಿತ್ತು ಎಂದು ಕೇಳುವವರು ಅಪರೂಪ. ಆ ಪ್ರಶ್ನೆಯನ್ನು ಕೇಳುವ ಅಭ್ಯಾಸ ಮಾಡಿಕೊಳ್ಳಿ. ಮಾಹಿತಿ ಕೇಳುವ ಹಕ್ಕು 2005ರಿಂದ ಕಾನೂನಿನಲ್ಲಿಯೇ ಇದೆ. ನಿಮ್ಮ ಮಕ್ಕಳಲ್ಲಿ ಯಾರಿಗಾದರೂ ಭೌತಶಾಸ್ತ್ರ ಮೆಚ್ಚಿಗೆಯಾಗಿದ್ದು ಮುಂದೇನೆಂಬ ಚಿಂತೆಯಿದ್ದರೆ, ಈ ತಪಾಸಣೆಯ ವೃತ್ತಿಯನ್ನೂ ಅವರಿಗೆ ಪರಿಚಯಿಸಿ. ಅದರಲ್ಲಿ ಹೆಸರು ಬರುವುದಿಲ್ಲ. ಆದರೆ ಸಂಜೆ ಸಾವಿರಾರು ಜನ ತಮಗೇನೂ ತಿಳಿಯದಂತೆ ಸೇತುವೆ ದಾಟಿ, ವಿಮಾನದಿಂದಿಳಿದು, ಮನೆಗೆ ಬಂದು ಊಟಕ್ಕೆ ಕೂರುತ್ತಾರೆ. ಹಾಗೆ ಕೂತವರಲ್ಲಿ ಯಾರಿಗೂ ಆ ಕೆಲಸಗಾರನ ನೆನಪಾಗದಿದ್ದರೆ ಅವನು ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದಾನೆ ಎಂದೇ ತಿಳಿಯಬೇಕು.